ಬಾಡಿಗೆ ಯಾಟ್‌ನಲ್ಲಿ ಅಲ್ಡಾಬ್ರಾ ದ್ವೀಪಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೆಶೆಲ್ಸ್ ದೇಶದ, ಹವಳದ ಉಂಗುರದಂತಿರುವ ಅಲ್ಡಾಬ್ರಾ ಅಟಾಲ್‌ಗೆ ಯಾಟ್ ಬಾಡಿಗೆ ಹಿಡಿದು ಹೋಗುವ ಬಗ್ಗೆ ಹುಬ್ಬಳ್ಳಿ–ಧಾರವಾಡ, ಗದಗ ಮತ್ತು ಹಾವೇರಿಯ ಗೆಳೆಯರು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು, ಆದಷ್ಟು ಅವರದೇ ಮಾತಿನಲ್ಲಿ, ಇಲ್ಲಿ ಒಟ್ಟುಗೂಡಿಸಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು: ಈ ದ್ವೀಪ ಇಂದಿಗೂ ಉಳಿದಿರುವುದಕ್ಕೆ ಅಲ್ಲಿಗೆ ಹೋಗುವುದು ಕಷ್ಟವಾಗಿರುವುದೇ ದೊಡ್ಡ ಕಾರಣ. ಆ ಕಷ್ಟವನ್ನು ಹಣ ಕೊಟ್ಟು ತಪ್ಪಿಸಿಕೊಳ್ಳಲು ಬಯಸುವವರಿಗೆ ಸೆಶೆಲ್ಸ್‌ನ ಮುಖ್ಯ ದ್ವೀಪ ಮಾಹೆಯ ಸುತ್ತಲೇ ಬೇಕಾದಷ್ಟು ಸುಂದರ ಕಡಲತೀರಗಳಿವೆ. ಕಷ್ಟವನ್ನು ಒಪ್ಪಿಕೊಂಡು ಸಿದ್ಧತೆ ನಡೆಸುವವರಿಗಾಗಿ ಈ ಉತ್ತರಗಳು.

## ಮೊದಲು ತಿಳಿಯಬೇಕಾದದ್ದು

ಅಲ್ಡಾಬ್ರಾ ಎಲ್ಲೈತ್ರೀ? ಮಾಲ್ಡೀವ್ಸ್ ಹತ್ರನಾ?

ಅಲ್ಲ. ಮಾಲ್ಡೀವ್ಸ್‌ನಿಂದ ಬಹಳ ದೂರ, ಹಿಂದೂ ಮಹಾಸಾಗರದ ಪಶ್ಚಿಮ ಅಂಚಿನಲ್ಲಿ, ಮಡಗಾಸ್ಕರ್‌ನಿಂದ ಸುಮಾರು 420 ಕಿ.ಮೀ. ವಾಯವ್ಯಕ್ಕೆ ಅದು ಇದೆ. ಆಡಳಿತ ಸೆಶೆಲ್ಸ್‌ನದಾದರೂ ಆ ದೇಶದ ಮುಖ್ಯ ದ್ವೀಪವಾದ ಮಾಹೆಯಿಂದಲೇ ಅದು ಸಾವಿರದ ನೂರು ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಪಿಕಾರ್ಡ್, ಪಾಲಿಮ್ನಿ, ಮಲಬಾರ್ ಮತ್ತು ಗ್ರಾಂಡ್ ಟೆರ್ ಎಂಬ ನಾಲ್ಕು ದ್ವೀಪಗಳು ಒಡೆದ ಬಳೆಯ ಚೂರುಗಳಂತೆ ಒಂದು ದೊಡ್ಡ ಕಡಲಕೊಳದ, ಅಂದರೆ ಲಗೂನ್‌ನ ಸುತ್ತ ಹರಡಿಕೊಂಡಿವೆ. ಅಟಾಲ್‌ನ ಉದ್ದ ಸುಮಾರು 34 ಕಿ.ಮೀ., ಒಣನೆಲ ಸುಮಾರು 155 ಚದರ ಕಿ.ಮೀ. ಊರಿಲ್ಲ, ಹೋಟೆಲ್ ಇಲ್ಲ. ಪಿಕಾರ್ಡ್‌ನಲ್ಲಿ ಸಂಶೋಧನಾ ಕೇಂದ್ರದ ಕೆಲವೇ ಸಿಬ್ಬಂದಿ ಇರುತ್ತಾರೆ.

ಅಲ್ಲಿ ಏನೈತಿ ಅಂತ ಅಷ್ಟು ದೂರ ಹೋಗಬೇಕು?

ಸುಮಾರು ಒಂದು ಲಕ್ಷ ದೈತ್ಯ ಆಮೆಗಳು. ಹಿಂದೂ ಮಹಾಸಾಗರದ ಬಹುತೇಕ ದ್ವೀಪಗಳಲ್ಲಿ ಒಂದು ಕಾಲಕ್ಕೆ ದೈತ್ಯ ಆಮೆಗಳಿದ್ದವು. ದೀರ್ಘ ಯಾನದಲ್ಲಿ ತಿಂಗಳುಗಟ್ಟಲೆ ಕೆಡದ ಮಾಂಸವೆಂದು ನಾವಿಕರು ಅವನ್ನು ಜೀವಂತವಾಗಿ ಹಡಗಿಗೆ ಹೇರಿಕೊಂಡು ಹೋಗಿ ಮುಗಿಸಿದರು. ಕಾಡಿನಲ್ಲಿ ತನ್ನಷ್ಟಕ್ಕೆ ಉಳಿದದ್ದು ಅಲ್ಡಾಬ್ರಾದ ಸಂತತಿ ಮಾತ್ರ. 1874ರಲ್ಲಿ ಚಾರ್ಲ್ಸ್ ಡಾರ್ವಿನ್, ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಮೊದಲಾದವರು ಈ ಆಮೆಗಳನ್ನು ಉಳಿಸಬೇಕೆಂದು, ಆಗ ಸೆಶೆಲ್ಸ್‌ನ ಆಡಳಿತವೂ ಸೇರಿದ್ದ ಮಾರಿಷಸ್‌ನ ಗವರ್ನರ್‌ಗೆ ಪತ್ರ ಬರೆದಿದ್ದರು. 2006ರಲ್ಲಿ ಕೊಲ್ಕತ್ತಾದ ಅಲಿಪುರ ಮೃಗಾಲಯದಲ್ಲಿ ತೀರಿಕೊಂಡ ‘ಅದ್ವೈತ’ ಎಂಬ ಆಮೆಯ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು. ಅದು ಇದೇ ಜಾತಿಯದು.

ಆಮೆಯ ಜೊತೆಗೆ ಇನ್ನೊಂದು ಜೀವಿಗಾಗಿಯೇ ಅಲ್ಲಿಗೆ ಹೋಗಬೇಕೆಂದು ನಾನು ಹೇಳುತ್ತೇನೆ. ಸಣ್ಣ ಕೋಳಿಯ ಗಾತ್ರದ, ಬಿಳಿ ಕೊರಳಿನ ರೈಲ್ ಎಂಬ ಹಾರಲಾರದ ಹಕ್ಕಿ ಅದು. ಹಿಂದೂ ಮಹಾಸಾಗರದ ದ್ವೀಪಗಳಲ್ಲಿ ಉಳಿದಿರುವ ಕೊನೆಯ ಹಾರಲಾರದ ಹಕ್ಕಿ. ಸುಮಾರು 1,36,000 ವರ್ಷಗಳ ಹಿಂದೆ ಅಟಾಲ್ ಪೂರ್ತಿಯಾಗಿ ಸಮುದ್ರದಲ್ಲಿ ಮುಳುಗಿದಾಗ ಅಲ್ಲಿದ್ದ ಹಾರಲಾರದ ರೈಲ್‌ಗಳು ಅಳಿದವು. ನೆಲ ಮತ್ತೆ ಮೇಲೆದ್ದ ನಂತರ ಮಡಗಾಸ್ಕರ್ ಕಡೆಯಿಂದ ಹಾರಿಬಂದ ಅದೇ ಮೂಲದ ಹಕ್ಕಿಗಳು ಅಲ್ಲೇ ನೆಲೆಸಿ ಮತ್ತೊಮ್ಮೆ ಹಾರುವ ಶಕ್ತಿಯನ್ನು ಕಳೆದುಕೊಂಡವು. ಮುಳುಗಡೆಗೆ ಹಿಂದಿನ ಮತ್ತು ನಂತರದ ಪಳೆಯುಳಿಕೆಗಳನ್ನು ಹೋಲಿಸಿ ಜೂಲಿಯನ್ ಹ್ಯೂಮ್ ಮತ್ತು ಡೇವಿಡ್ ಮಾರ್ಟಿಲ್ 2019ರಲ್ಲಿ ಇದನ್ನು ತೋರಿಸಿಕೊಟ್ಟರು.

ಯಾಟೇ ಯಾಕ? ವಿಮಾನದಾಗ ಹೋಗಾಕ ಬರೂದಿಲ್ಲೇನು?

ಅಲ್ಡಾಬ್ರಾದಲ್ಲಿ ವಿಮಾನ ಇಳಿಯುವ ಜಾಗವೇ ಇಲ್ಲ. ಹತ್ತಿರದ ರನ್‌ವೇ ಇರುವುದು ದಕ್ಷಿಣಕ್ಕೆ 30 ಕಿ.ಮೀ.ಗೂ ಕಡಿಮೆ ದೂರದ ಅಸಂಪ್ಷನ್ ದ್ವೀಪದಲ್ಲಿ. ಆದ್ದರಿಂದ ದಾರಿಗಳು ಎರಡು: ಮಾಹೆಯಿಂದ ಅಸಂಪ್ಷನ್‌ವರೆಗೆ ಬಾಡಿಗೆ ವಿಮಾನದಲ್ಲಿ ಹೋಗಿ ಅಲ್ಲಿ ಕಾದಿರುವ ಯಾಟ್ ಹತ್ತುವುದು, ಇಲ್ಲವೇ ಮಾಹೆಯಿಂದಲೇ ಯಾಟ್‌ನಲ್ಲಿ ಹೊರಡುವುದು. ಸುಮಾರು 620 ನಾಟಿಕಲ್ ಮೈಲಿನ ದೂರವನ್ನು 8 ನಾಟ್, ಅಂದರೆ ಗಂಟೆಗೆ 8 ನಾಟಿಕಲ್ ಮೈಲಿ ವೇಗದಲ್ಲಿ ಕ್ರಮಿಸಿದರೂ ಹಗಲುರಾತ್ರಿ ಸೇರಿ ಮೂರು ದಿನಗಳ ಮೇಲೆ ಬೇಕು. ಎರಡೂ ದಾರಿಯಲ್ಲಿ ಅಲ್ಡಾಬ್ರಾದ ಬಳಿ ನಿಮ್ಮ ಮನೆಯೆಂದರೆ ಆ ಯಾಟೇ, ಏಕೆಂದರೆ ಪ್ರವಾಸಿಗರಿಗೆ ದಂಡೆಯ ಮೇಲೆ ವಸತಿ ಇಲ್ಲ.

ಹುಬ್ಬಳ್ಳಿಯಿಂದ ಹೊರಟರೆ ದಾರಿ ಹೇಗೆ? ವೀಸಾ ಬೇಕಾ?

ಮುಂಬೈ ತಲುಪಿದರೆ ಅಲ್ಲಿಂದ ಮಾಹೆಗೆ ನೇರ ವಿಮಾನವಿದೆ. ಹಾರಾಟ ನಾಲ್ಕೂವರೆ ಗಂಟೆಯ ಆಸುಪಾಸು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಭಾರತೀಯರಿಗೆ ಮುಂಚಿತ ವೀಸಾ ಬೇಡ, ಆದರೆ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪ್ರಯಾಣದ ಅನುಮತಿ ಪಡೆಯಬೇಕು. ಮರಳುವ ಟಿಕೆಟ್, ತಂಗುವ ಜಾಗ ಮತ್ತು ಖರ್ಚಿನ ಹಣಕ್ಕೆ ಪುರಾವೆ ಕೇಳುತ್ತಾರೆ. ಯಾಟ್‌ನಲ್ಲೇ ತಂಗುವವರು ಬಾಡಿಗೆ ಒಪ್ಪಂದದ ಪ್ರತಿಯನ್ನು ಕೈಯಲ್ಲೇ ಇಟ್ಟುಕೊಂಡಿರಬೇಕು. ಯಾಟ್ ಹೊರಡುವ ದಿನಕ್ಕಿಂತ ಎರಡು ದಿನ ಮುಂಚೆ ಮಾಹೆ ಸೇರುವುದು ಒಳ್ಳೆಯದು. ಮುಂಬೈಯಲ್ಲಿ ವಿಮಾನ ತಪ್ಪಿದರೆ ಇಡೀ ತಂಡ ಬಂದರಿನಲ್ಲಿ ಕಾಯಬೇಕಾಗುತ್ತದೆ.

ಯಾವ ತಿಂಗಳು ಒಳ್ಳೇದು? ಬ್ಯಾಸಿಗಿ ರಜಾದಾಗ ಹೋಗಬಹುದಾ?

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯ ಮಾರುತ ಬಿಡುವಿಲ್ಲದೆ ಬೀಸುತ್ತದೆ. ಕಡಲು ಒರಟಾಗಿ ಸಣ್ಣ ದೋಣಿಯಲ್ಲಿ ದಂಡೆಗೆ ಇಳಿಯುವುದೇ ಕಠಿಣವಾಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾಯವ್ಯ ಮಾರುತದ ಮಳೆಗಾಲ. ಗಾಳಿ ದಿಕ್ಕು ಬದಲಿಸುವ ಅಕ್ಟೋಬರ್–ನವೆಂಬರ್ ಮತ್ತು ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗಿನ ದಿನಗಳಲ್ಲಿ ಸಮುದ್ರ ಹೆಚ್ಚು ಶಾಂತವಾಗಿರುತ್ತದೆ. ಹೀಗಾಗಿ ನಮ್ಮ ಶಾಲೆಗಳ ರಜೆಯ ಮೊದಲ ಭಾಗ ಹೊಂದುತ್ತದೆ, ಮೇ ಹೊಂದುವುದಿಲ್ಲ. ಏಪ್ರಿಲ್‌ನಲ್ಲೂ ಚಂಡಮಾರುತದ ಮುನ್ಸೂಚನೆಯನ್ನು ನೋಡುತ್ತಲೇ ಇರಬೇಕು. ಸೆಶೆಲ್ಸ್‌ನ ಮುಖ್ಯ ದ್ವೀಪಗಳು ಚಂಡಮಾರುತದ ಹಾದಿಯಿಂದ ಹೊರಗಿದ್ದರೂ ದಕ್ಷಿಣದ ಹೊರದ್ವೀಪಗಳಿಗೆ ಆ ರಕ್ಷಣೆ ಇಲ್ಲ. 2016ರ ಏಪ್ರಿಲ್‌ನಲ್ಲಿ ‘ಫಂತಾಲಾ’ ಚಂಡಮಾರುತ ಫಾರ್ಕ್ವಾರ್ ಅಟಾಲ್ ಅನ್ನು ಧ್ವಂಸ ಮಾಡಿತು.

## ಯಾಟ್, ಹಣ, ಅನುಮತಿ

ಕಾರು ಬಾಡಿಗಿ ತಗೊಂಡಂಗ ಯಾಟ್ ತಗೊಂಡು ನಾವೇ ನಡೆಸಬಹುದಾ?

ಮಾಹೆ, ಪ್ರಲಾಂ, ಲಾ ಡೀಗ್ ಸುತ್ತಲಿನ ಒಳದ್ವೀಪಗಳಲ್ಲಿ ಅರ್ಹತೆಯ ಪ್ರಮಾಣಪತ್ರ ಇರುವವರು ಸಿಬ್ಬಂದಿಯಿಲ್ಲದ ಯಾಟ್ ಪಡೆಯಬಹುದು. ಅಲ್ಡಾಬ್ರಾದಂಥ ಹೊರದ್ವೀಪಕ್ಕೆ ಆ ಕಡಲು ಬಲ್ಲ ಕ್ಯಾಪ್ಟನ್ ಮತ್ತು ಸಿಬ್ಬಂದಿ ಇರುವ, ದೂರಯಾನಕ್ಕೆ ವಿಮೆ ಮಾಡಿಸಿದ ಹಡಗೇ ಬೇಕು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕ್ಯಾಪ್ಟನ್ ಹಿಂದೆ ಅಲ್ಡಾಬ್ರಾಕ್ಕೆ ಹೋಗಿದ್ದಾರೆಯೇ, ಇಂಧನ ಹೋಗಿಬರಲು ಸಾಕೇ, ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಕೆಟ್ಟರೆ ಬದಲಿ ಏನು ಎಂಬ ಮೂರನ್ನು ಬರಹದಲ್ಲಿ ಕೇಳಿ ಪಡೆಯಿರಿ. ಉತ್ತರ ಕೊಡಲು ಹಿಂಜರಿಯುವ ಮಾಲೀಕರನ್ನು ಬಿಟ್ಟುಬಿಡುವುದೇ ಲೇಸು.

ಒಟ್ಟು ಎಷ್ಟು ಖರ್ಚು ಬರ್ತದ? ಒಂದು ಅಂದಾಜು ಹೇಳ್ರಿ.

ಒಂದೇ ಮೊತ್ತ ಹೇಳಿದರೆ ದಾರಿ ತಪ್ಪಿಸಿದಂತಾಗುತ್ತದೆ; ಲೆಕ್ಕ ಹಾಕುವ ಕ್ರಮವನ್ನು ಹೇಳುತ್ತೇನೆ. ಬಾಡಿಗೆ ತಲೆಗಿಷ್ಟು ಎಂದಿರುವುದಿಲ್ಲ, ಇಡೀ ಹಡಗಿಗೆ ವಾರದ ಲೆಕ್ಕದಲ್ಲಿರುತ್ತದೆ. ಆದ್ದರಿಂದ ಎಂಟು ಹಾಸಿಗೆಯ ಹಡಗಿನಲ್ಲಿ ನಾಲ್ವರು ಹೋದರೆ ತಲಾ ಖರ್ಚು ನೇರವಾಗಿ ಇಮ್ಮಡಿಯಾಗುತ್ತದೆ. ಅದರ ಮೇಲೆ ಇಂಧನ, ಊಟ, ಬಂದರು ಶುಲ್ಕಗಳಿಗಾಗಿ ಮುಂಗಡವೊಂದನ್ನು ಪ್ರತ್ಯೇಕವಾಗಿ ಕಟ್ಟಿಸಿಕೊಳ್ಳುತ್ತಾರೆ. ಬಾಡಿಗೆಯ ಕಾಲು ಭಾಗದಿಂದ ಮೂರನೇ ಒಂದರಷ್ಟು ಇರುವುದು ವಾಡಿಕೆ, ಉಳಿದದ್ದು ಲೆಕ್ಕದೊಂದಿಗೆ ವಾಪಸು ಬರುತ್ತದೆ. ಅಸಂಪ್ಷನ್‌ಗೆ ವಿಮಾನವಾದರೆ ಅದರದು ಬೇರೆ ಬಾಡಿಗೆ. ಅಲ್ಡಾಬ್ರಾದ ಸಂರಕ್ಷಣಾ ಶುಲ್ಕ ಪ್ರತಿಯೊಬ್ಬರಿಗೂ ದಿನದ ಲೆಕ್ಕದಲ್ಲಿ ಬೀಳುತ್ತದೆ. ಕೊನೆಗೆ ಸಿಬ್ಬಂದಿಗೆ ಕೊಡುವ ಭಕ್ಷೀಸು.

ಜನ ಮರೆಯುವುದು ಸ್ಥಾನಾಂತರದ ಖರ್ಚನ್ನು. ನೀವು ವಿಮಾನದಲ್ಲಿ ಅಸಂಪ್ಷನ್‌ಗೆ ಹೋದರೂ ಯಾಟ್ ಮಾಹೆಯಿಂದ ಅಲ್ಲಿಗೆ ಖಾಲಿಯಾಗಿಯೇ ಬರಬೇಕು, ಖಾಲಿಯಾಗಿಯೇ ಮರಳಬೇಕು. ಆ ದಿನಗಳ ಡೀಸೆಲ್ ಯಾರ ತಲೆಯ ಮೇಲೆ ಎಂಬುದು ಒಪ್ಪಂದದಲ್ಲಿ ಸ್ಪಷ್ಟವಾಗಿರಬೇಕು. ಇಡೀ ಹಡಗು ಕೈಗೆಟುಕದವರು ಕ್ಯಾಬಿನ್ ಲೆಕ್ಕದಲ್ಲಿ ಟಿಕೆಟ್ ಮಾರುವ ಡೈವಿಂಗ್ ಹಡಗುಗಳನ್ನೂ ಸಣ್ಣ ಎಕ್ಸ್‌ಪೆಡಿಶನ್ ಹಡಗುಗಳನ್ನೂ ವಿಚಾರಿಸಬಹುದು.

ಇಷ್ಟು ದುಡ್ಡು ಹೊರಗ ಕಳಸಿದ್ರ ಇನ್‌ಕಮ್ ಟ್ಯಾಕ್ಸ್‌ನವರು ಕೇಳೂದಿಲ್ಲೇನು?

ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣರವಾನೆ ಯೋಜನೆಯಡಿ ಒಬ್ಬ ನಿವಾಸಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳುಹಿಸಬಹುದು, ಪ್ಯಾನ್ ಕಡ್ಡಾಯ. ಪ್ರವಾಸದ ಹಣದ ಮೇಲೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆಯ ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತ ಬಂದಿದೆ, ಹಾಗಾಗಿ ಕಳುಹಿಸುವ ವಾರದಲ್ಲಿಯೇ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ. ಆ ತೆರಿಗೆಯನ್ನು ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಪರ್ಮಿಶನ್ ಯಾರು ಕೊಡ್ತಾರ? ಏಜೆಂಟ್ ಮಾಡಿಸಿ ಕೊಡ್ತೀನಿ ಅಂತಾನ.

1979ರಿಂದ ಅಲ್ಡಾಬ್ರಾದ ಹೊಣೆ ಸೆಶೆಲ್ಸ್ ಐಲ್ಯಾಂಡ್ಸ್ ಫೌಂಡೇಶನ್ ಎಂಬ ಸಾರ್ವಜನಿಕ ಟ್ರಸ್ಟಿನದು. 1982ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸೇರಿಸಿಕೊಂಡಿತು. ಅನುಮತಿ ಈ ಫೌಂಡೇಶನ್‌ನಿಂದಲೇ, ಮುಂಚಿತವಾಗಿಯೇ ಬರಬೇಕು. ಅರ್ಜಿಯನ್ನು ಯಾಟ್‌ನವರು ಹಾಕುವುದು ರೂಢಿ, ಆದರೆ ಅನುಮತಿಪತ್ರವನ್ನು ನೀವೇ ಕಣ್ಣಾರೆ ಓದಿ, ಅದರಲ್ಲಿ ಹಡಗಿನ ಹೆಸರು ಮತ್ತು ದಿನಾಂಕಗಳನ್ನು ನೋಡಿದ ಮೇಲೆಯೇ ಬಾಡಿಗೆಯ ದೊಡ್ಡ ಕಂತು ಕಟ್ಟಿ. ‘ಹೋಗಿ ಅಲ್ಲೇ ಮಾಡಿಸೋಣ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

## ಹಡಗಿನ ಮೇಲಿನ ದಿನಗಳು

ನಾವು ಬಯಲುಸೀಮೆ ಮಂದಿ, ಹಡಗು ಹತ್ತಿದವರಲ್ಲ. ವಾಂತಿ ಸುರು ಆದ್ರ ಏನ್ ಮಾಡೋದು?

ಮೊದಲ ದಿನ ಬಹುತೇಕರಿಗೆ ಆಗುತ್ತದೆ, ಎರಡನೆಯ ದಿನದ ಹೊತ್ತಿಗೆ ಹೆಚ್ಚಿನವರ ದೇಹ ಹೊಂದಿಕೊಳ್ಳುತ್ತದೆ. ಮಾತ್ರೆಯನ್ನು ಅಲೆ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ವೈದ್ಯರನ್ನು ಕೇಳಿಕೊಂಡು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಹಡಗಿನ ನಡುಭಾಗದಲ್ಲಿ, ತೆರೆದ ಗಾಳಿಯಲ್ಲಿ, ಕಣ್ಣನ್ನು ದಿಗಂತದ ಮೇಲಿಟ್ಟು ಕುಳಿತುಕೊಳ್ಳಿ; ಕೆಳಗಿನ ಕೋಣೆಯಲ್ಲಿ ಮೊಬೈಲ್ ನೋಡುತ್ತ ಮಲಗುವುದು ಅತ್ಯಂತ ಕೆಟ್ಟ ಆಯ್ಕೆ. ಒಂದೇ ಒಡಲಿನ ಹಾಯಿದೋಣಿಗಿಂತ ಜೋಡಿ ಒಡಲಿನ ಕಟಮರಾನ್ ಕಡಿಮೆ ವಾಲುತ್ತದೆ.

ಇಷ್ಟು ಹಣ ಸುರಿಯುವ ಮುಂಚೆ ಪ್ರತಿಯೊಬ್ಬರೂ ಒಮ್ಮೆ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದವರೆಗಿನ ದೋಣಿ ಹತ್ತಿ ನೋಡಬೇಕು. ಆ ಸಣ್ಣ ಯಾನದಲ್ಲಿ ತೀರ ಬಳಲಿದವರು ಮಾಹೆಯಿಂದ ನೇರವಾಗಿ ಯಾಟ್‌ನಲ್ಲಿ ಹೋಗುವ ಯೋಚನೆ ಬಿಟ್ಟು ಅಸಂಪ್ಷನ್‌ವರೆಗೆ ವಿಮಾನದ ದಾರಿ ಹಿಡಿಯುವುದು ಕ್ಷೇಮ.

ಈಜು ಬರೂದಿಲ್ಲ. ಬರಬಹುದಾ?

ಆಮೆ, ಹಕ್ಕಿ ನೋಡಲು ಈಜು ಬೇಡ. ಆದರೆ ದಂಡೆಯಲ್ಲಿ ಜೆಟ್ಟಿಯಿಲ್ಲ. ರಬ್ಬರ್ ದೋಣಿಯಿಂದ ಮೊಣಕಾಲುದ್ದ ನೀರಿಗೆ ಇಳಿದು ನಡೆಯಬೇಕು, ಅಲೆ ಬಂದರೆ ಸೊಂಟದವರೆಗೂ ನೆನೆಯಬಹುದು. ನೀರಿಗೆ ಹೆದರದಷ್ಟಾದರೂ ಅಭ್ಯಾಸವಾಗುವವರೆಗೆ ಊರಿನ ಈಜುಕೊಳಕ್ಕೆ ಕೆಲವು ತಿಂಗಳು ಹೋಗಿಬನ್ನಿ.

ನಾವು ಶುದ್ಧ ಶಾಕಾಹಾರಿಗಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಬಹುದೇನು?

ಸೆಶೆಲ್ಸ್‌ನಲ್ಲಿ ತಮಿಳು ಮತ್ತು ಗುಜರಾತಿ ಮೂಲದವರು ತಲೆಮಾರುಗಳಿಂದ ನೆಲೆಸಿದ್ದಾರೆ. ರಾಜಧಾನಿ ವಿಕ್ಟೋರಿಯಾದಲ್ಲಿ ನವಶಕ್ತಿ ವಿನಾಯಗರ್ ದೇವಸ್ಥಾನವಿದೆ, ಅಕ್ಕಿ, ಬೇಳೆ, ಮಸಾಲೆ ಅಂಗಡಿಗಳಲ್ಲಿ ಸಿಗುತ್ತವೆ. ಆದ್ದರಿಂದ ಅಡುಗೆಯವರಿಗೆ ಮೊದಲೇ ಪಟ್ಟಿ ಕೊಟ್ಟರೆ ಶಾಕಾಹಾರಕ್ಕೆ ತೊಂದರೆಯಿಲ್ಲ. ಹೊರದ್ವೀಪದಲ್ಲಿ ಅಂಗಡಿಯೇ ಇಲ್ಲದ್ದರಿಂದ ತರಕಾರಿಯ ಲೆಕ್ಕ ಮಾತ್ರ ಜೋಪಾನ: ಸೊಪ್ಪು ಮೊದಲ ದಿನಗಳಿಗೆ, ಗಜ್ಜರಿ, ಬಟಾಟೆ, ಕುಂಬಳಕಾಯಿ ಕೊನೆಯವರೆಗೆ. ಊರಿನಿಂದ ಒಯ್ಯುವ ಯಾವುದೇ ತಿನಿಸನ್ನು ಮಾಹೆಯ ವಿಮಾನನಿಲ್ದಾಣದಲ್ಲಿ ಘೋಷಿಸಲೇಬೇಕು. ಅಧಿಕಾರಿಗಳು ಬಿಟ್ಟರೆ ಒಯ್ಯಿರಿ, ತೆಗೆದಿಟ್ಟರೆ ವಾದಿಸಬೇಡಿ. ಹಸಿ ಶೇಂಗಾ, ಕಾಳು, ಹಣ್ಣು, ಬೀಜವಿರುವ ಯಾವುದನ್ನೂ ಚೀಲಕ್ಕೆ ಹಾಕದಿರುವುದು ಉತ್ತಮ.

ಅಲ್ಲಿ ಆರಾಮ ತಪ್ಪಿದ್ರ ಡಾಕ್ಟರ್?

ಆಸ್ಪತ್ರೆಯಿಲ್ಲ. ಗಂಭೀರವಾದರೆ ಯಾಟ್‌ನಲ್ಲಿ ಅಸಂಪ್ಷನ್‌ಗೆ, ಅಲ್ಲಿಂದ ವಿಮಾನದಲ್ಲಿ ಮಾಹೆಗೆ. ಹವಾಮಾನ ಚೆನ್ನಾಗಿದ್ದರೂ ಹಲವು ಗಂಟೆಗಳು ಹಿಡಿಯುತ್ತವೆ. ವೈದ್ಯಕೀಯ ಸ್ಥಳಾಂತರದ ವಿಮೆಯಿಲ್ಲದೆ ಯಾರೂ ಹೊರಡಬಾರದು, ಮತ್ತು ಪಾಲಿಸಿಯಲ್ಲಿ ತೆರೆದ ಸಮುದ್ರದ ಯಾನವನ್ನು ಹೊರಗಿಟ್ಟಿಲ್ಲವೆಂದು ಓದಿ ಖಚಿತಪಡಿಸಿಕೊಳ್ಳಬೇಕು. ಹೃದಯದ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ ಈ ಯಾನ ಬೇಡವೆಂದೇ ನನ್ನ ಅಭಿಪ್ರಾಯ.

ಮೊಬೈಲ್ ಸಿಗೂದಿಲ್ಲ ಅಂತ ಸ್ಯಾಟಲೈಟ್ ಫೋನ್ ತಗೊಂಡು ಹೋಗ್ಲಾ?

ದಯವಿಟ್ಟು ಬೇಡ. ಭಾರತದಲ್ಲಿ ಅನುಮತಿಯಿಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು ಅಪರಾಧ. ಚಾರಣಿಗರು ಬಳಸುವ ಸಣ್ಣ ಉಪಗ್ರಹ ಸಂದೇಶ ಸಾಧನಗಳೊಂದಿಗೆ ನಮ್ಮ ವಿಮಾನನಿಲ್ದಾಣಗಳಲ್ಲಿ ಪ್ರವಾಸಿಗರು ಬಂಧನಕ್ಕೊಳಗಾಗಿದ್ದಾರೆ. ಯಾಟ್‌ನಲ್ಲಿ ಉಪಗ್ರಹ ಸಂಪರ್ಕವೂ ಅಪಾಯದ ಸಂಕೇತ ಕಳಿಸುವ ಸಾಧನವೂ ಇದೆಯೆಂದು ಒಪ್ಪಂದದಲ್ಲಿ ಬರೆಸಿಕೊಂಡರೆ ಸಾಕು. ಡ್ರೋನ್‌ಗೂ ಪ್ರತ್ಯೇಕ ಅನುಮತಿ ಬೇಕು. ಸಾವಿರಾರು ಕಡಲಹಕ್ಕಿಗಳು ಗೂಡು ಕಟ್ಟಿರುವಲ್ಲಿ ಅದನ್ನು ಹಾರಿಸುವ ಆಸೆಯನ್ನೇ ಬಿಡುವುದು ಒಳ್ಳೆಯದು.

## ದ್ವೀಪದ ಮೇಲೆ

ಬೂಟಿನ ತಳಾ ಬ್ರಷ್ ಹಚ್ಚಿ ತಿಕ್ಕಬೇಕಂತ. ಇದು ಅತಿ ಆಗ್ಲಿಲ್ಲೇನು?

ಅತಿಯಲ್ಲ, ಇಡೀ ಯಾನದ ಅತಿ ಮುಖ್ಯ ಕೆಲಸ ಅದೇ. ಹತ್ತೊಂಬತ್ತನೆಯ ಶತಮಾನದಲ್ಲಿ ತಂದುಬಿಟ್ಟ ಆಡುಗಳು ಆಮೆಗಳ ಮೇವನ್ನೂ ನೆರಳಿನ ಗಿಡಗಳನ್ನೂ ತಿಂದುಹಾಕಿದವು. ಹಲವು ದಶಕಗಳ ಪ್ರಯತ್ನದ ನಂತರ, 2012ರಲ್ಲಷ್ಟೇ ಕೊನೆಯ ಆಡುಗಳನ್ನು ತೆಗೆಯಲು ಸಾಧ್ಯವಾಯಿತು. ಹಡಗುಗಳೊಂದಿಗೆ ಬಂದ ಇಲಿಗಳು ಇಂದಿಗೂ ಇವೆ. ಗ್ರಾಂಡ್ ಟೆರ್‌ನಲ್ಲಿ ಕಾಡುಬೆಕ್ಕುಗಳಿವೆ, ಅಲ್ಲಿ ಹಾರಲಾರದ ರೈಲ್ ಹಕ್ಕಿ ಅಳಿದುಹೋಗಿದೆ.

ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಪಾರ್ಥೇನಿಯಂ ಕಳೆ ಹೊರಗಿನಿಂದ ಬಂದು ಧಾರವಾಡ ಜಿಲ್ಲೆಯನ್ನು ಹೇಗೆ ಆವರಿಸಿತೆಂದು ಬಲ್ಲ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದರ ಒಂದು ಬೀಜ ಚೀಲದ ಹೊಲಿಗೆಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಮನೆಯಲ್ಲೇ ಬೂಟಿನ ತಳದ ಗೆರೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಂದೊಂದಾಗಿ ತಿಕ್ಕಿ ತೊಳೆಯಿರಿ, ಕಾಲುಚೀಲದ ಎಳೆಗಳಲ್ಲಿ ಸಿಕ್ಕ ಮುಳ್ಳುಬೀಜಗಳನ್ನು ಚಿಮಟದಿಂದ ಕೀಳಿರಿ, ಕ್ಯಾಮೆರಾ ಚೀಲದ ಮೂಲೆಗಳನ್ನು ಹೊರಗೆ ಮಗುಚಿ ಕೊಡವಿರಿ, ವೆಲ್ಕ್ರೊ ಪಟ್ಟಿಗಳನ್ನು ಬಿಡಿಸಿ ನೋಡಿರಿ. ಯಾಟ್‌ನ ತಳವೂ ಶುಚಿಯಾಗಿರಬೇಕು, ಇಲಿಯಿಲ್ಲವೆಂಬುದಕ್ಕೆ ಆಧಾರವಿರಬೇಕು; ತಪಾಸಣೆಯಲ್ಲಿ ಸೋತರೆ ಇಳಿಯಲು ಬಿಡುವುದಿಲ್ಲ, ಬಿಡಬಾರದು ಕೂಡ.

ದಂಡಿ ಮ್ಯಾಲ ಟೆಂಟ್ ಹಾಕಿ ಒಂದು ರಾತ್ರಿ ಇರಬಹುದಾ? ನಮ್ಮಷ್ಟಕ್ಕೆ ತಿರುಗಾಡಬಹುದಾ?

ಎರಡೂ ಇಲ್ಲ. ರಾತ್ರಿ ಯಾಟ್‌ನಲ್ಲಿ, ಹಗಲು ಫೌಂಡೇಶನ್ ಸಿಬ್ಬಂದಿಯ ಜೊತೆಯಲ್ಲಿ. ಮೀನು ಹಿಡಿಯುವುದೂ ನಿಷಿದ್ಧ. ಸಿಬ್ಬಂದಿಯ ಜೊತೆಯಿಲ್ಲದೆ ನಡೆಯುವುದು ಅಪಾಯವೂ ಹೌದು: ನೆಲವೆಂದರೆ ಕರಗಿ, ತೂತುಬಿದ್ದು, ಬ್ಲೇಡಿನಂತೆ ಹರಿತವಾದ ಹವಳದ ಸುಣ್ಣಕಲ್ಲು. ತೆಳು ಅಟ್ಟೆಯ ಚಪ್ಪಲಿಯಲ್ಲಿ ಕಾಲಿಡುವಂತಿಲ್ಲ. ಗಟ್ಟಿ ತಳದ ಬೂಟು, ದಪ್ಪ ಕೈಗವಸು ಬೇಕು.

ಆಮೆನ್ನ ಮುಟ್ಟಬಹುದಾ? ಹತ್ರ ಬರ್ತಾವಾ?

ಮುಟ್ಟಬಾರದು, ಆದರೆ ನೀವು ಸುಮ್ಮನೆ ಕುಳಿತರೆ ಅವೇ ಹತ್ತಿರಕ್ಕೆ ಬರುತ್ತವೆ. ಬೆಳಿಗ್ಗೆ ಬೇಗ ಮತ್ತು ಸಂಜೆ ಮೇಯುತ್ತವೆ. ಅವು ಮೇದು ಮೇದು ಅಲ್ಲಿಯ ಹುಲ್ಲು ನೆಲಕ್ಕಂಟಿದ ಕುಳ್ಳ ಜಾತಿಯಾಗಿಯೇ ಬೆಳೆಯುತ್ತದೆ. ಬಿಸಿಲೇರಿದರೆ ನೆರಳು ಸಿಗದ ಆಮೆ ಬದುಕುವುದಿಲ್ಲವಾದ್ದರಿಂದ ಒಂದೊಂದು ಗಿಡದ ಕೆಳಗೆ ಚಿಪ್ಪಿಗೆ ಚಿಪ್ಪು ತಾಗಿಸಿ ಒತ್ತೊತ್ತಾಗಿ ಸೇರಿರುತ್ತವೆ. ಆ ಹೊತ್ತಿನಲ್ಲಿ ನೀವು ನೆರಳಿಗೆ ಹೋಗಿ ಅವನ್ನು ಎಬ್ಬಿಸಬಾರದು.

ಮಳೆ ಬಂದು ಕಲ್ಲಿನ ಕುಳಿಯಲ್ಲಿ ಬೆರಳುದ್ದ ನೀರು ನಿಂತಿದ್ದರೆ ಅಲ್ಲಿ ಕಾಯಿರಿ. ಆಮೆ ಬಾಯಿ ತೆರೆಯದೆ, ಮೂಗಿನ ಹೊಳ್ಳೆಗಳನ್ನು ನೀರಿಗೆ ತಾಗಿಸಿ, ಮೂಗಿನಿಂದಲೇ ನೀರೆಳೆದುಕೊಳ್ಳುತ್ತದೆ. ತೀರ ತೆಳುವಾದ ನೀರನ್ನೂ ಬಿಡದೆ ಕುಡಿಯಲು ಅದಕ್ಕಿರುವ ಉಪಾಯ ಅದು. ಗಂಟಲಿನ ಸುಕ್ಕು ಚರ್ಮ ಮೆಲ್ಲಗೆ ಏರಿಳಿಯುವುದನ್ನು ಬಿಟ್ಟರೆ ಇಡೀ ದೇಹ ಅಲುಗುವುದಿಲ್ಲ.

ಲಗೂನ್ ಒಳಗ ಯಾವಾಗ ಬೇಕಾದರೂ ಹೋಗಬಹುದಾ?

ಉಬ್ಬರವಿಳಿತದ ಪಟ್ಟಿ ಹೇಳಿದಾಗ ಮಾತ್ರ. ದೊಡ್ಡ ಉಬ್ಬರದಲ್ಲಿ ನೀರಿನ ಮಟ್ಟ ಸುಮಾರು ಮೂರು ಮೀಟರ್ ವ್ಯತ್ಯಾಸವಾಗುತ್ತದೆ, ಲಗೂನ್ ಆಳವಿಲ್ಲದ್ದು, ನೀರು ಕೆಲವೇ ಕಿರಿದಾದ ಕಾಲುವೆಗಳಲ್ಲಿ ನುಗ್ಗಿಬಂದು ನುಗ್ಗಿಹೋಗುತ್ತದೆ. ಇಳಿತದ ಹೊತ್ತಿಗೆ ಬಹುಭಾಗ ಬರಿದಾಗಿ, ಬುಡ ಸವೆದ ಅಣಬೆಯಾಕಾರದ ಕಲ್ಲುಗಳು ಬಯಲಾಗುತ್ತವೆ. ತಡಮಾಡಿದ ದೋಣಿ ಮುಂದಿನ ಉಬ್ಬರದವರೆಗೆ ಕೆಸರಿನಲ್ಲೇ. ಅನುಭವಿ ಮಾರ್ಗದರ್ಶಿ ಏರುವ ನೀರಿನೊಂದಿಗೆ ಕಾಲುವೆಯ ಮೂಲಕ ಒಳಗೆ ಕರೆದೊಯ್ಯುತ್ತಾರೆ. ಬಲ್ಲ ಈಜುಗಾರರು ಆ ಸೆಳವಿನಲ್ಲಿ ತೇಲುತ್ತ ಸಾಗುವಾಗ ಕೆಳಗೆ ಮೀನಿನ ಹಿಂಡು, ರೀಫ್ ಶಾರ್ಕ್, ಹಸಿರು ಕಡಲಾಮೆ ಜೊತೆಯಲ್ಲೇ ಹರಿದುಬರುತ್ತವೆ. ಒಳಗಿನ ಮ್ಯಾಂಗ್ರೋವ್‌ಗಳಲ್ಲಿ ಫ್ರಿಗೇಟ್ ಹಕ್ಕಿಗಳ ದೊಡ್ಡ ವಸಾಹತಿದೆ. ಮಾಗಡಿ ಕೆರೆಯಲ್ಲಿ ಹೆಬ್ಬಾತು ನೋಡಿ ಪಳಗಿದವರು ತಮ್ಮ ದುರ್ಬೀನನ್ನೇ ತರಲಿ, ಅಲ್ಲಿಗೂ ಅದೇ ಸಾಕು.

## ಇನ್ನಷ್ಟು ಆಳದ ಪ್ರಶ್ನೆಗಳು

ಸೋಮಾಲಿಯಾ ಕಡಲ್ಗಳ್ಳರ ಭಯ ಈಗಲೂ ಇದೆಯೇ?

2009ರ ಮಾರ್ಚ್‌ನಲ್ಲಿ ಪ್ರವಾಸಿಗರನ್ನು ಅಸಂಪ್ಷನ್‌ನಲ್ಲಿ ಇಳಿಸಿ ಮರಳುತ್ತಿದ್ದ ಡೈವಿಂಗ್ ಹಡಗೊಂದನ್ನು ಕಡಲ್ಗಳ್ಳರು ಅಪಹರಿಸಿದ್ದರು. ಆಮೇಲೆ ಕೆಲವು ವರ್ಷ ಆ ಕಡೆಗೆ ಪ್ರವಾಸವೇ ಕುಸಿದಿತ್ತು. ನಂತರ ಅಪಾಯ ಬಹಳ ತಗ್ಗಿತು, 2023ರ ಕೊನೆಯಿಂದ ಮತ್ತೆ ಕೆಲವು ದಾಳಿಗಳು ನಡೆದಿವೆ. ನಿಮ್ಮ ಕ್ಯಾಪ್ಟನ್ ಹೊರಡುವ ಮೊದಲು ಕಡಲ ಸುರಕ್ಷತಾ ಸೂಚನೆಗಳನ್ನು ನೋಡಿ ನಿರ್ಧರಿಸಬೇಕು. ಅವರು ಬೇಡವೆಂದರೆ ಹಣ ಮರಳುವ ಷರತ್ತು ಒಪ್ಪಂದದಲ್ಲಿರಬೇಕು.

ಅಸಂಪ್ಷನ್ ಹೆ‌ಸರು ಎಲ್ಲೋ ಸುದ್ದಿಯಾಗ ಕೇಳೀನಲ್ಲ?

ಹೌದು. ಅಲ್ಲಿ ಸೈನಿಕ ಸೌಲಭ್ಯ ನಿರ್ಮಿಸಲು ಭಾರತ 2015ರಲ್ಲಿ ಒಪ್ಪಂದ ಮಾಡಿಕೊಂಡಿತ್ತು, 2018ರ ಜನವರಿಯಲ್ಲಿ ಅದು ಪರಿಷ್ಕೃತವಾಯಿತು; ಸೆಶೆಲ್ಸ್‌ನಲ್ಲಿ ತೀವ್ರ ವಿರೋಧ ಬಂದು ಅದೇ ವರ್ಷ ಕೈಬಿಟ್ಟುಹೋಯಿತು. ವಿರೋಧಕ್ಕೆ ಅಲ್ಡಾಬ್ರಾದ ಸಾಮೀಪ್ಯವೂ ಒಂದು ಕಾರಣ. ಇತ್ತೀಚೆಗೆ ಅದೇ ದ್ವೀಪದಲ್ಲಿ ಐಷಾರಾಮಿ ರೆಸಾರ್ಟಿನ ಕಾಮಗಾರಿ ನಡೆದಿದ್ದು, ಸಾಮಗ್ರಿಗಳೊಂದಿಗೆ ಬರುವ ಕೀಟ, ಕಳೆಗಳ ಬಗ್ಗೆ ಸಂರಕ್ಷಕರು ಆತಂಕ ವ್ಯಕ್ತಪಡಿಸಿದ್ದಾರೆ. ಆ ಆತಂಕ ನನ್ನದೂ ಹೌದು.

ಅಲ್ಡಾಬ್ರಾ ಸ್ವತಃ ಇಂಥ ಗಂಡಾಂತರದಿಂದ ಪಾರಾದದ್ದೇ. 1960ರ ದಶಕದಲ್ಲಿ ಬ್ರಿಟನ್ ಅಲ್ಲೊಂದು ವಿಮಾನನೆಲೆ ಕಟ್ಟಲು ಹೊರಟಿತ್ತು. ವಿಜ್ಞಾನಿಗಳ ಪ್ರತಿಭಟನೆ ಮತ್ತು ಬ್ರಿಟನ್ನಿನ ಹಣದ ಮುಗ್ಗಟ್ಟು ಎರಡೂ ಸೇರಿ 1967ರಲ್ಲಿ ಯೋಜನೆ ನಿಂತಿತು. ಸೈನಿಕ ನೆಲೆ ಚಾಗೋಸ್ ದ್ವೀಪಸಮೂಹದ ಡಿಯಾಗೊ ಗಾರ್ಸಿಯಾದಲ್ಲಿ ತಲೆಯೆತ್ತಿತು, ಅದಕ್ಕಾಗಿ ಚಾಗೋಸ್‌ನ ನಿವಾಸಿಗಳನ್ನು ಅವರ ನೆಲದಿಂದಲೇ ಹೊರಹಾಕಲಾಯಿತು.

ಮಂದಿನೇ ಇಲ್ಲದ ದ್ವೀಪದಾಗ ಪ್ಲಾಸ್ಟಿಕ್ ಎಲ್ಲಿಂದ ಬಂತು?

ಸಮುದ್ರದ ಪ್ರವಾಹಗಳು ತಂದದ್ದು. 2019ರಲ್ಲಿ ಸೆಶೆಲ್ಸ್ ಮತ್ತು ಆಕ್ಸ್‌ಫರ್ಡ್‌ನ ಸ್ವಯಂಸೇವಕರು ಸೇರಿ ಐದು ವಾರಗಳಲ್ಲಿ 25 ಟನ್ ಕಸ ಎತ್ತಿದರು. ಇನ್ನೂ ಸುಮಾರು 513 ಟನ್ ಉಳಿದಿದೆಯೆಂದು ಅಂದಾಜಿಸಿದರು. ತೂಕದಲ್ಲಿ ಹೆಚ್ಚಿನ ಪಾಲು ಮೀನುಗಾರಿಕೆಯ ಬಲೆ, ಹಗ್ಗಗಳದು. ಹವಾಯಿ ಚಪ್ಪಲಿಗಳೇ ಸುಮಾರು 3,60,000 ಇರಬಹುದೆಂದು ಲೆಕ್ಕ ಹಾಕಲಾಗಿತ್ತು. ನಿಮ್ಮ ಯಾಟ್‌ನಿಂದ ಒಂದು ಬಾಟಲಿಯ ಮುಚ್ಚಳವೂ ನೀರಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆಯನ್ನು ತಂಡದ ಒಬ್ಬರಿಗೆ ಹೆಸರಿಟ್ಟು ವಹಿಸಿ.

ಸೆಶೆಲ್ಸ್ ಒಂದು ಕಾಲಕ್ಕೆ ನಮ್ಮ ನೆಲಕ್ಕೇ ಅಂಟಿಕೊಂಡಿತ್ತಂತೆ, ಖರೇನ?

ಭೂವಿಜ್ಞಾನ ಓದುವ ವಿದ್ಯಾರ್ಥಿಗಳ ಮೆಚ್ಚಿನ ಪ್ರಶ್ನೆ. ಮಾಹೆ, ಪ್ರಲಾಂ ಮುಂತಾದ ಗ್ರಾನೈಟ್ ದ್ವೀಪಗಳ ಮಟ್ಟಿಗೆ ನಿಜ: ಸುಮಾರು 75 ಕೋಟಿ ವರ್ಷ ಹಳೆಯ ಆ ಬಂಡೆಗಳು ಗೊಂಡ್ವಾನ ಎಂಬ ಪ್ರಾಚೀನ ಮಹಾಖಂಡದ ತುಂಡು. ಬೆಳಗಾವಿಯ ಕಪ್ಪು ಬಸಾಲ್ಟ್ ಶಿಲೆಯನ್ನು ಹಾಸಿದ ದಖ್ಖನ್ ಲಾವಾ ಹರಿದ ಕಾಲದ ಆಸುಪಾಸಿನಲ್ಲಿ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ಅದು ಭಾರತದಿಂದ ಬೇರ್ಪಟ್ಟಿತು. ಅಲ್ಡಾಬ್ರಾ ಮಾತ್ರ ಆ ಕತೆಗೆ ಸೇರಿದ್ದಲ್ಲ. ಅದು ಬಹಳ ಈಚಿನ ಹವಳದ ಸುಣ್ಣಕಲ್ಲು.

ನಾನು ಸಾಲಿ ಮಾಸ್ತರ. ಇಷ್ಟೆಲ್ಲ ದುಡ್ಡು ನನ್ನಿಂದ ಆಗೂದಿಲ್ಲ. ನನಗೇನು ದಾರಿ?

ಗದಗಿನಿಂದ ಬಂದ ಈ ಪ್ರಶ್ನೆಗೆ ಉತ್ತರ ಹೇಳುವುದು ನನಗೆ ಸಂತೋಷದ ಕೆಲಸ. ಮಾಹೆಯಿಂದ ಫೆರಿಯಲ್ಲಿ ಸುಮಾರು ಒಂದು ಗಂಟೆಗೆ ಪ್ರಲಾಂ ದ್ವೀಪ. ಅಲ್ಲಿಂದ ಸಣ್ಣ ದೋಣಿಯಲ್ಲಿ ಎದುರಿಗೇ ಕಾಣುವ ಕ್ಯೂರಿಯೂಸ್ ದ್ವೀಪಕ್ಕೆ ಹೋದರೆ, ಅಲ್ಡಾಬ್ರಾದಿಂದ ತಂದು ಬಿಟ್ಟ ದೈತ್ಯ ಆಮೆಗಳು ಮತ್ತು ಅವುಗಳ ಮರಿಗಳು ಬೇಲಿಯಿಲ್ಲದೆ ಓಡಾಡುವುದನ್ನು ಒಂದೇ ಹಗಲಿನಲ್ಲಿ ನೋಡಿ ಮರಳಬಹುದು. ಪ್ರಲಾಂನಲ್ಲೇ, ಕೊಕೊ ಡಿ ಮೇರ್ ಎಂಬ ಜೋಡಿ ತೆಂಗಿನ ಮರಗಳ ವಾಲೆ ಡಿ ಮೇ ಕಾಡಿದೆ. 1983ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಅದನ್ನೂ ನೋಡಿಕೊಳ್ಳುವುದು ಅದೇ ಫೌಂಡೇಶನ್. ಅಲ್ಲಿಯ ಟಿಕೆಟ್ ಹಣದಿಂದಲೇ ಅಲ್ಡಾಬ್ರಾದ ಕಾವಲು ಮತ್ತು ಸಂಶೋಧನೆಯ ದೊಡ್ಡ ಪಾಲು ನಡೆಯುತ್ತ ಬಂದಿದೆ. ಫೆರಿಯ ಟಿಕೆಟ್ ಮುಂಚಿತವಾಗಿ ಕಾಯ್ದಿರಿಸಿ, ಕಾಡಿಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಕಪ್ಪು ಗಿಳಿಯ ದನಿ ಕೇಳಿಸುವುದು ಹೆಚ್ಚಾಗಿ ಬೆಳಿಗ್ಗೆ.